ಹದಿನೇಳನೆಯ ತಿಂಗಳಿನ ಕಡತ

ಕಂಪ್ಯೂಟರ್ ರಿಪೇರಿಗೆ ಹೊಸದಾಗಿ ಸೇರಿದವರು ನನ್ನನ್ನು ಕೇಳುವ ಪ್ರಶ್ನೆ ಒಂದೇ. ನಿಮ್ಮ ಕಾಲದಲ್ಲಿ ಇಂಟರ್ನೆಟ್ ಇರಲಿಲ್ಲ, ಬೆಳಿಗ್ಗೆ ಬುಕ್ ಮಾಡಿದ ಟ್ರಂಕ್ ಕಾಲ್ ಸಂಜೆಗೆ ಸಿಗುತ್ತಿತ್ತು, ಹಾಗಿದ್ದ ಮೇಲೆ ಗೊತ್ತಿಲ್ಲದ ತೊಂದರೆ ಎದುರಾದಾಗ ಏನು ಮಾಡುತ್ತಿದ್ದಿರಿ? ಗೊತ್ತಿದೆ ಎಂಬ ಮುಖ ಮಾಡುತ್ತಿದ್ದೆವು. ಉತ್ತರ ಇಷ್ಟೇ. ಆ ಮುಖದಿಂದ ಆದ ಅನಾಹುತಗಳನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ನಿವೃತ್ತರು ಬರೆಯುವುದೆಲ್ಲ ಗೆದ್ದ ಕತೆಗಳೇ. ನಾನೂ ಒಂದು ಗೆದ್ದ ಕತೆ ಬರೆಯಲು ಕೂತೆ. ಅರ್ಧಕ್ಕೆ ಬಂದಾಗ ಅದರಲ್ಲಿ ಗೆದ್ದವನು ನಾನಲ್ಲ ಎಂದು ಕಂಡಿತು. ಹರಿದು ಹಾಕಿ ಮತ್ತೆ ಮೊದಲಿನಿಂದ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದಲ್ಲಿ ನಾನು ರಾಯಚೂರಿನ ಸ್ಟೇಷನ್ ರಸ್ತೆಯ ಅಂಗಡಿಯೊಂದರಲ್ಲಿ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದೆ. ಮಾಲೀಕರು ವೆಂಕಟರಾಯರು. ಮನೆಮಾತು ತೆಲುಗು, ಸಿಟ್ಟು ಬಂದಾಗ ಉರ್ದು, ಗಿರಾಕಿಗಳ ಮುಂದೆ ಕನ್ನಡ. ಟೈಪ್‌ರೈಟರ್ ಪ್ರಾಮಾಣಿಕ ಯಂತ್ರ. ಎಲ್ಲಿ ಸಿಕ್ಕಿಕೊಂಡಿದೆ ಎಂದು ಬೆರಳಿಗೇ ಗೊತ್ತಾಗುತ್ತದೆ. ಪೆಟ್ರೋಲಿನಲ್ಲಿ ತೊಳೆ, ಒರೆಸು, ಒಂದು ಹನಿ ಎಣ್ಣೆ ಬಿಡು, ಮುಗಿಯಿತು. ನಾಲ್ಕು ಜಿಲ್ಲೆಗಳ ಕಚೇರಿಗಳಲ್ಲಿ ನಾನು ಬಿಟ್ಟ ಎಣ್ಣೆ ಇದ್ದೀತು.

ಎಂಬತ್ತರ ದಶಕದ ಕೊನೆಗೆ ರಾಯರು ಕಂಪ್ಯೂಟರ್ ಮಾರಲು ಶುರು ಮಾಡಿದರು. ನಮ್ಮನ್ನು ಹದಿನೈದು ದಿನ ಹೈದರಾಬಾದಿಗೆ ತರಬೇತಿಗೆ ಕಳಿಸಿದರು. ಹೋದದ್ದು ಇಬ್ಬರು, ನಾನು ಮತ್ತು ನನ್ನ ಜೊತೆಗಾರ. ವಾಪಸು ಬಂದ ಮೇಲೆ ಮಾನ್ವಿಯ ಅಕ್ಕಿ ಗಿರಣಿಯೊಂದರಿಂದ ಮೊದಲ ಕರೆ ಬಂತು. ಫ್ಲಾಪಿ ಹಾಕುವ ಡ್ರೈವು ಕಿರುಗುಟ್ಟುತ್ತಿದೆ ಎಂದು. ಅಲ್ಲಿಗೆ ಹೋದ ಮೆಕ್ಯಾನಿಕ್ ಹೊಲಿಗೆ ಯಂತ್ರದ ಎಣ್ಣೆಯನ್ನು ಎರಡು ಹನಿ ಡ್ರೈವಿನೊಳಕ್ಕೆ ಬಿಟ್ಟ. ಕಿರುಗುಟ್ಟುವುದು ನಿಂತಿತು. ಓದುವುದೂ ನಿಂತಿತು. ರಾಯರು ಆ ಡ್ರೈವನ್ನು ಮೂಸಿ ನೋಡಿ, "ಇದರಾಗ ಮಿರ್ಚಿ ಭಜಿ ಕರೀಬಹುದು" ಎಂದರು. ಮೂವತ್ತು ವರ್ಷ ಈ ಕತೆಯನ್ನು ನಾನು ನನ್ನ ಜೊತೆಗಾರನ ಹೆಸರಿನಲ್ಲಿ ಹೇಳಿದ್ದೇನೆ. ಹೇಳಿ ಹೇಳಿ ಅವನು ಎಣ್ಣೆಯ ಡಬ್ಬಿ ಬಗ್ಗಿಸುತ್ತಿರುವುದು ಕಣ್ಣಿಗೆ ಕಟ್ಟಿದ ಹಾಗೆ ಇದೆ. ಆದರೆ ಅವನು ಆ ವಾರ ಊರಲ್ಲೇ ಇರಲಿಲ್ಲ. ಎಣ್ಣೆ ಬಿಟ್ಟವನು ನಾನು. ಮುಂದಿನದನ್ನು ಓದುವಾಗ ಈ ವಿಷಯ ನೆನಪಿರಲಿ. ನನ್ನ ಕಣ್ಣಿಗೆ ಕಟ್ಟಿದ್ದೆಲ್ಲ ನಡೆದದ್ದೇ ಆಗಬೇಕಿಲ್ಲ.

ಅದಾಗಿ ಒಂದು ವರ್ಷಕ್ಕೆ ದೇವದುರ್ಗದ ಒಂದು ಕಚೇರಿಯಿಂದ ಕರೆ ಬಂತು. ಯಾವ ಕಚೇರಿ ಎಂದು ಬರೆಯುವುದಿಲ್ಲ. ತಾಲೂಕಿನ ಹಾಸ್ಟೆಲ್ಲುಗಳಿಗೆ ಆ ವರ್ಷ ಸೇರಬೇಕಾದ ಮಕ್ಕಳ ಪಟ್ಟಿ ಆ ಕಂಪ್ಯೂಟರಿನಲ್ಲಿತ್ತು. ಶನಿವಾರ ಅದು ಅಚ್ಚಾಗಿ ರಾಯಚೂರಿಗೆ ಹೋಗಬೇಕಿತ್ತು. ಗುರುವಾರ ಬೆಳಿಗ್ಗೆ ಯಂತ್ರ ಏಳಲಿಲ್ಲ. ಚಾಲೂ ಮಾಡಿದರೆ ಕಪ್ಪು ಪರದೆಯ ಮೇಲೆ ಒಂದೇ ಸಾಲು, ಆಜ್ಞೆ ಓದುವ ಕಡತ ಕೆಟ್ಟಿದೆ ಅಥವಾ ಇಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ಕೂತುಬಿಡುತ್ತಿತ್ತು. ನಾವು ಕೀ ಒತ್ತಿದ್ದನ್ನು ಓದಿ ಅರ್ಥ ಮಾಡಿಕೊಳ್ಳುವ ಒಂದು ಕಡತ ಆಗಿನ ಯಂತ್ರಗಳಲ್ಲಿ ಇರುತ್ತಿತ್ತು, ಹೆಸರು COMMAND.COM. ಅದಿಲ್ಲದಿದ್ದರೆ ಯಂತ್ರಕ್ಕೆ ಕರೆಂಟಿದೆ, ಕಿವಿ ಇಲ್ಲ.

ಕಂಪ್ಯೂಟರು ಇದ್ದದ್ದು ದಫ್ತರದ ಕೋಣೆಯಲ್ಲಿ. ಹಳೆಯ ಕಡತಗಳನ್ನು ಕೆಂಪು ಬಟ್ಟೆಯ ರುಮಾಲುಗಳಲ್ಲಿ ಗಂಟು ಕಟ್ಟಿ ಸೂರಿನವರೆಗೆ ಪೇರಿಸಿಟ್ಟ ಕೋಣೆ ಅದು. ಕಚೇರಿಯಲ್ಲಿ ಧೂಳು ಬೀಳದ ಜಾಗ ಅದೊಂದೇ, ಯಾಕೆಂದರೆ ಅದನ್ನು ನೋಡಿಕೊಳ್ಳುತ್ತಿದ್ದವರು ಹುಸೇನಪ್ಪ. ಕೃಷ್ಣಾ ದಂಡೆಯ ಗೂಗಲ್ ಎಂಬ ಹಳ್ಳಿಯ ಕೂಲಿ ಮನೆತನದಿಂದ ಬಂದು ನೌಕರಿ ಹಿಡಿದ ಮೊದಲಿಗರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಯಾವ ವರ್ಷದ ಯಾವ ಕಾಗದ ಕೇಳಿದರೂ ಅವರು ಏಣಿ ಹತ್ತಿ ಮೊದಲ ಸಲಕ್ಕೇ ಸರಿಯಾದ ಗಂಟಿಗೆ ಕೈ ಹಾಕುತ್ತಿದ್ದರಂತೆ. ಆ ದಿನ ಅವರು ಗೋಡೆಗೆ ಒರಗಿ ನಿಂತಿದ್ದರು. ಏನಾಯಿತು ಎಂದು ನಾನು ಕೇಳುವ ಮೊದಲೇ ತಾವಾಗಿ ಹೇಳಿದರು.

"ನಾನೇ ತಗದೀನ್ರಿ. ಹಳೇ ಕಡತ ವಿಲೇವಾರಿ ಮಾಡಂತ ಸಾಹೇಬ್ರು ಹುಕುಂ ಮಾಡಿದ್ರು. ಮಾಡೀನಿ."

ಬೇಸಿಗೆ ಮುಗಿಯುವ ಹೊತ್ತಿಗೆ ವರ್ಷಕ್ಕೊಮ್ಮೆ ಅವಧಿ ಮುಗಿದ ಕಡತಗಳನ್ನು ಹೊರಗೆ ಹಾಕುವುದು ಆ ಕಚೇರಿಯ ಪದ್ಧತಿ. ಕಂಪ್ಯೂಟರ್ ನೋಡುತ್ತಿದ್ದ ಹೆಣ್ಣುಮಗಳು ಹೆರಿಗೆ ರಜೆಯ ಮೇಲೆ ಹೋಗುವಾಗ, ಕಡತಗಳ ಪಟ್ಟಿ ನೋಡುವುದು, ಒಂದನ್ನು ತೆರೆದು ಓದುವುದು, ಬೇಡವಾದದ್ದನ್ನು ಅಳಿಸುವುದು, ಈ ಮೂರನ್ನು ಹುಸೇನಪ್ಪನವರಿಗೆ ಕಲಿಸಿದ್ದಳು. ಅವರು ಬುಧವಾರ ಸಂಜೆ ಕಂಪ್ಯೂಟರನ್ನೂ ಶುಚಿ ಮಾಡಿದ್ದರು.

ನಾನು ಕೈಚೀಲದಿಂದ ನನ್ನ ಫ್ಲಾಪಿ ತೆಗೆದೆ. ಯಂತ್ರ ತಾನಾಗಿ ಏಳದಿದ್ದಾಗ ಅದನ್ನು ಎಬ್ಬಿಸಲು ನಾವು ಒಯ್ಯುತ್ತಿದ್ದ ಫ್ಲಾಪಿ. ಹಾಕಿದೆ, ಯಂತ್ರ ಎದ್ದಿತು. ಒಳಗಿನ ಹಾರ್ಡ್ ಡಿಸ್ಕಿಗೆ ಹೋಗಲು ಆಜ್ಞೆ ಕೊಟ್ಟೆ. ಅಂಥದೊಂದು ಡಿಸ್ಕೇ ಇಲ್ಲ ಎಂದಿತು. ಮೂರು ಸಲ ಕೊಟ್ಟೆ, ಮೂರು ಸಲವೂ ಇಲ್ಲ.

ಈಗಿನವರು ಇಲ್ಲಿ ನಿಲ್ಲಬೇಕು. ಗೊತ್ತಿಲ್ಲ ಎನ್ನಲು ಇದು ಸರಿಯಾದ ಜಾಗ. ನಾನು ಹಾಗೆ ಅನ್ನಲಿಲ್ಲ. ಬಾಗಿಲಲ್ಲಿ ಸಾಹೇಬರು ನಿಂತಿದ್ದರು. ಮೈಸೂರು ಕಡೆಯವರು, ಬಂದು ಆರು ತಿಂಗಳಾಗಿತ್ತು. ಬಿಸಿಲಿಗೂ ನಮ್ಮ ಭಾಷೆಗೂ ಇನ್ನೂ ಹೊಂದಿಕೊಂಡಿರಲಿಲ್ಲ. ನಾನು ಕನ್ನಡಕ ಸರಿಮಾಡಿಕೊಂಡು, ಡಾಕ್ಟರು ಹೇಳುವ ಹಾಗೆ ಹೇಳಿದೆ. ಡಿಸ್ಕ್ ಹೋಗಿದೆ. ಎಲ್ಲ ಅಳಿಸಿ ಹೊಸದಾಗಿ ತಯಾರು ಮಾಡಬೇಕು. ಒಳಗಿದ್ದದ್ದು ಸಿಗುವುದಿಲ್ಲ.

ಸಾಹೇಬರು ಹುಸೇನಪ್ಪನವರನ್ನು ನೋಡಿದರು. ಬಯ್ಯಲಿಲ್ಲ. ಟೈಪಿಸ್ಟನನ್ನು ಕರೆದು ತಮ್ಮ ಕೋಣೆಗೆ ಹೋದರು. ಸ್ವಲ್ಪ ಹೊತ್ತಿನಲ್ಲೇ ಟೈಪ್‌ರೈಟರಿನ ಸದ್ದು ಕೇಳಿಸಿತು. ಅದು ನಾನೇ ರಿಪೇರಿ ಮಾಡಿದ್ದ ಯಂತ್ರ, ಚೆನ್ನಾಗಿ ಓಡುತ್ತಿತ್ತು. ಹುಸೇನಪ್ಪನವರನ್ನು ಅಮಾನತಿನಲ್ಲಿಡಬೇಕೆಂದು ರಾಯಚೂರಿಗೆ ಶಿಫಾರಸು ಪತ್ರ ಎಂದು ಜವಾನ ಬಂದು ತಿಳಿಸಿದ. ಪಟ್ಟಿಯಲ್ಲಿದ್ದ ಮಕ್ಕಳ ಅರ್ಜಿಗಳನ್ನು ಮತ್ತೆ ಊರೂರಿಂದ ತರಿಸಬೇಕು, ಹಾಸ್ಟೆಲ್ ಬಾಗಿಲು ತೆರೆಯುವುದು ಒಂದು ತಿಂಗಳು ತಡ. ಅದಕ್ಕೆ ಒಬ್ಬರನ್ನು ಹೊಣೆ ಮಾಡಲೇಬೇಕಲ್ಲ.

ನಾನು ಸಾಮಾನು ಕಟ್ಟತೊಡಗಿದೆ. ಹುಸೇನಪ್ಪ ಒಂದು ಉದ್ದನೆಯ ವಹಿ ತಂದು ಕೀಬೋರ್ಡಿನ ಮೇಲೇ ಇಟ್ಟರು.

"ಈರಣ್ಣಾರ, ನೌಕರಿ ವಿಷ್ಯ ಬಿಡ್ರಿ. ನಾ ತಪ್ಪಿದ್ದು ಎಲ್ಲಿ ಅಂತ ಇದರಾಗ ಬೊಟ್ಟಿಟ್ಟು ತೋರಸ್ರಿ. ತಿಳೀದ ಹಂಗ ಮನೀಗಿ ಹೋಗಾಂಗಿಲ್ಲ ನಾ."

ಅದು ವಿಲೇವಾರಿ ಮಾಡಿದ ಕಡತಗಳ ವಹಿ. ಯಾವುದೇ ಕಡತವನ್ನು ಹೊರಗೆ ಹಾಕುವ ಮೊದಲು ಅದರ ಹೆಸರು, ಗಾತ್ರ, ತಾರೀಖು, ವಿಷಯ ಬರೆದು, ಕೊನೆಯ ಅಂಕಣದಲ್ಲಿ ಕಾರಣವನ್ನು ಷರಾ ಎಂದು ಬರೆಯಬೇಕು. ಕಂಪ್ಯೂಟರಿನ ಕಡತಗಳಿಗೂ ಅವರು ಹಾಗೇ ಮಾಡಿದ್ದರು. ಒಳಗಿನ ಉಪಪಟ್ಟಿಗಳನ್ನು, ಅಂದರೆ ಈಗಿನವರು ಫೋಲ್ಡರ್ ಎನ್ನುವುದನ್ನು, ಅವರು ರುಮಾಲು ಎಂದು ತಿಳಿದಿದ್ದರು. ಕಟ್ಟಿದ ರುಮಾಲು ಬಿಚ್ಚಲು ಬೇರೆ ಹುಕುಂ ಬೇಕು, ಆದ್ದರಿಂದ ಅವನ್ನು ಮುಟ್ಟಿರಲಿಲ್ಲ. ರುಮಾಲಿನ ಹೊರಗೆ ಬಿಡಿಬಿಡಿಯಾಗಿ ಬಿದ್ದಿದ್ದ ಮೂರು ಕಡತಗಳನ್ನಷ್ಟೇ ತೆಗೆದಿದ್ದರು. ಮೊದಲನೆಯದರ ನಮೂದು ದುಂಡಗಿನ ಅಕ್ಷರದಲ್ಲಿ ಹೀಗಿತ್ತು:

COMMAND.COM. ಗಾತ್ರ 25307. ತಾರೀಖು 3-17-87. ವಿಷಯ: ಓದಲು ಬರುವುದಿಲ್ಲ. ತೆರೆದರೆ ಯಂತ್ರ ಗಂಟೆ ಬಾರಿಸುತ್ತದೆ. ಷರಾ: ಹದಿನೇಳನೆಯ ತಿಂಗಳು ಇರುವುದಿಲ್ಲ. ತಾರೀಖು ಸುಳ್ಳು. ದಾಖಲೆ ಊರ್ಜಿತವಲ್ಲ.

ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ಅದು ಮಾರ್ಚ್ ಹದಿನೇಳು ಎಂದೆ. ಅವರು ನಮೂದಿನ ಮೇಲೆ ಬೆರಳಾಡಿಸಿ, "ಹಂಗ್ಯಾಕ ಬರೀತಾರ್ರಿ?" ಎಂದರು.

ಉಳಿದ ಎರಡರ ತಾರೀಖು 1-1-80. ಆ ಯಂತ್ರಗಳಲ್ಲಿ ಗಡಿಯಾರ ಉಳಿಯುತ್ತಿರಲಿಲ್ಲ. ಬೆಳಿಗ್ಗೆ ಯಾರಾದರೂ ತಾರೀಖು ತುಂಬದಿದ್ದರೆ ಅದು ತಾನು ಸಾವಿರದ ಒಂಬೈನೂರ ಎಂಬತ್ತರ ಜನವರಿ ಒಂದರಲ್ಲಿದ್ದೇನೆ ಎಂದೇ ತಿಳಿಯುತ್ತಿತ್ತು. ಯಂತ್ರವನ್ನು ಹೊಂದಿಸಿದವನು ಅವತ್ತು ತಾರೀಖು ತುಂಬಿರಲಿಲ್ಲ. ಹುಸೇನಪ್ಪ ನಿಯಮ ನೋಡಿದ್ದರು. ಕಚೇರಿ ಶುರುವಾಗುವುದಕ್ಕಿಂತ ಹಿಂದಿನ ಕಡತ, ಐದು ವರ್ಷದ ಅವಧಿ ಎಂದೋ ಮುಗಿದಿದೆ, ವಿಲೇವಾರಿ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಇಷ್ಟು ಚೆನ್ನಾಗಿ ಬರೆದಿಡುತ್ತಿರಲಿಲ್ಲ.

ಆಗ ನನ್ನ ಕಣ್ಣು ಮತ್ತೆ ಮೊದಲಿನ ನಮೂದಿಗೆ ಹೋಯಿತು. 25307. ನಾನು ಹಿಂದೆ ಹೇಳಿದ್ದರಲ್ಲಿ ಏನು ಬೇಕಾದರೂ ತಪ್ಪಿರಬಹುದು, ಈ ಸಂಖ್ಯೆ ಮಾತ್ರ ಸರಿ. ನನ್ನ ಫ್ಲಾಪಿಯಲ್ಲಿದ್ದ ಅದೇ ಹೆಸರಿನ ಕಡತ ಅದಕ್ಕಿಂತ ಬಹಳ ಚಿಕ್ಕದು. ಅಂದರೆ ನನ್ನದು ಹಳೆಯ ಆವೃತ್ತಿ, ಯಂತ್ರದಲ್ಲಿದ್ದದ್ದು ಹೊಸದು. ಹೊಸ ಆವೃತ್ತಿಯಲ್ಲಿ ತಯಾರಾದ ದೊಡ್ಡ ಡಿಸ್ಕು ಹಳೆಯದಕ್ಕೆ ಕಾಣುವುದಿಲ್ಲ ಎಂದು ಹೈದರಾಬಾದಿನಲ್ಲಿ ಹೇಳಿದ್ದರು. ಊಟದ ನಂತರದ ಪಾಠ, ನಾನು ತೂಕಡಿಸುತ್ತಿದ್ದೆ. ಡಿಸ್ಕ್ ಹೋಗಿರಲಿಲ್ಲ. ನನ್ನ ಫ್ಲಾಪಿಗೆ ಅದನ್ನು ನೋಡುವ ಕಣ್ಣಿರಲಿಲ್ಲ, ಅಷ್ಟೆ. ಅರ್ಧ ಗಂಟೆ ಮೊದಲು ಸಾಹೇಬರು ಆಗಲಿ ಎಂದಿದ್ದರೆ ನನ್ನ ಕೈಯಾರೆ ಎಲ್ಲವನ್ನೂ ಅಳಿಸಿಬಿಡುತ್ತಿದ್ದೆ.

ಹೊಸ ಆವೃತ್ತಿಯ ಫ್ಲಾಪಿ ಎಲ್ಲಿ? ಅದನ್ನು ಹಿಂದಿನ ವಾರ ಮಾನ್ವಿಯ ಅದೇ ಅಕ್ಕಿ ಗಿರಣಿಯಲ್ಲಿ ಮರೆತು ಬಂದಿದ್ದೆ.

ಶುಕ್ರವಾರ ಮೊದಲ ಬಸ್ಸಿಗೆ ಹೊರಟೆವು. ಹೊರಟೆವು, ಏಕೆಂದರೆ ಹುಸೇನಪ್ಪನವರೂ ಬಂದರು. ಕಳೆದ ಕಡತವನ್ನು ತರಲು ದಫ್ತರದವನೇ ಹೋಗಬೇಕು ಎಂದು ಒಂದು ದಿನದ ರಜೆ ಬರೆದುಕೊಟ್ಟು ಬಂದಿದ್ದರು. ಸಾಹೇಬರಿಗೆ ಇನ್ನೂ ಏನೂ ಹೇಳಿರಲಿಲ್ಲ. ಆಸೆ ಹುಟ್ಟಿಸಿ ಮತ್ತೆ ಇಲ್ಲ ಎನ್ನುವುದು ಬೇಡ ಎಂಬುದು ಹುಸೇನಪ್ಪನವರ ಮಾತು. ಸಿರವಾರದ ಮೇಲೆ ಹಾದು ಮಾನ್ವಿ ಸೇರುವಷ್ಟರಲ್ಲಿ ಬಸ್ಸಿನ ತಗಡು ಕಾದಿತ್ತು. ನಾನು ದಾರಿಯುದ್ದಕ್ಕೂ ಅವರಿಗೆ ಫ್ಲಾಪಿ ಎಂದರೆ ಏನು ಎಂದು ವಿವರಿಸಿದೆ. ಬಾಗಬಾರದು, ಧೂಳು ಕೂಡದು, ಬಿಸಿ ಕೂಡದು, ಬೆರಳು ತಾಕಬಾರದು. ಅವರು ಎಲ್ಲ ಕೇಳಿ, ಇಷ್ಟು ನಾಜೂಕಿನ ಸಾಮಾನನ್ನು ಗಿರಣಿಯಲ್ಲಿ ಯಾಕೆ ಬಿಟ್ಟಿರಿ ಎಂದು ಕೇಳಿದರು. ನಾನು ಕಿಟಕಿಯಾಚೆ ನೋಡಿದೆ.

ಗಿರಣಿಯ ಗುಮಾಸ್ತ ಪಂಪಣ್ಣ ನಮ್ಮನ್ನು ನೋಡಿ ಖುಷಿಯಾದ. ಫ್ಲಾಪಿ ಭದ್ರವಾಗಿದೆ ಎಂದು ಗೋಡೆಯ ಕಡೆ ಕೈ ತೋರಿಸಿದ. ಕ್ಯಾಲೆಂಡರಿನ ಮೊಳೆಗೆ, ನಡುವಿನ ತೂತಿನಲ್ಲಿ ಸಿಕ್ಕಿಸಿ ನೇತುಹಾಕಿದ್ದ. ಒಂದು ವಾರದ ತೌಡು ಅದರ ಮೇಲೆ ಕೂತಿತ್ತು.

"ಕೆಳಗ ಇಟ್ರ ಇಲಿ ತಿಂತಾವ್ರಿ," ಎಂದ ಪಂಪಣ್ಣ. "ಅದಕ್ಕಂತನ ತೂತು ಬಿಟ್ಟಾರಲ್ಲ."

ಹುಸೇನಪ್ಪ ತಮ್ಮ ಹೆಗಲ ಮೇಲಿನ ವಸ್ತ್ರದ ತುದಿಯಿಂದ ಫ್ಲಾಪಿಯ ತೌಡನ್ನು ಎಷ್ಟು ಹಗುರಾಗಿ ತೆಗೆದರೆಂದರೆ, ಹಳೆಯ ಕಾಗದದ ಧೂಳು ತೆಗೆದು ಅಭ್ಯಾಸವಿದ್ದ ಕೈ ಅದು ಎಂದು ಗೊತ್ತಾಗುತ್ತಿತ್ತು. ಗಿರಣಿಯ ಯಂತ್ರದ ಹೊಸ ಡ್ರೈವಿಗೆ ಹಾಕಿದೆ. ಕಡತಗಳ ಪಟ್ಟಿ ಬಂತು. ನಾನು ಹುಡುಕುವ ಮೊದಲೇ ಹಿಂದಿನಿಂದ ಹುಸೇನಪ್ಪ ಓದಿದರು. "ಇಪ್ಪತ್ತೈದು ಸಾವಿರದ ಮುನ್ನೂರ ಏಳು. ತಾರೀಖು ಅದ ಸುಳ್ಳು ತಾರೀಖು. ಇದ ನೋಡ್ರಿ ನಂದು."

ಇನ್ನೊಂದು ಫ್ಲಾಪಿಗೆ ಪ್ರತಿ ಮಾಡಿಕೊಂಡೆ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಹುಸೇನಪ್ಪ ಪಂಪಣ್ಣನಿಗೆ ಸ್ವೀಕೃತಿ ಬರೆದುಕೊಟ್ಟರು. ಅವನು ಬೇಡವೆಂದರೂ ಬಿಡಲಿಲ್ಲ. ವಾಪಸು ಬರುವಾಗ ಎರಡೂ ಫ್ಲಾಪಿಗಳು ಅವರ ಬುತ್ತಿಯ ಸ್ಟೀಲ್ ಡಬ್ಬಿಯಲ್ಲಿದ್ದವು. ಬುತ್ತಿಯ ರೊಟ್ಟಿ ನಮ್ಮ ಹೊಟ್ಟೆಯಲ್ಲಿತ್ತು. ದಾರಿಯಲ್ಲಿ ಪಕ್ಕದ ಸೀಟಿನ ಹೆಂಗಸು, ಡಬ್ಬಿಯನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದನ್ನು ನೋಡಿ, "ಏನದ ಯಪ್ಪಾ ಅದರಾಗ?" ಎಂದಳು. "ಹುಡುಗರ ಹೆಸರು ಅದಾವಬೇ" ಎಂದರು ಹುಸೇನಪ್ಪ. ಅದು ನಿಜವಲ್ಲ. ಹೆಸರುಗಳಿದ್ದದ್ದು ದೇವದುರ್ಗದ ಡಿಸ್ಕಿನಲ್ಲಿ. ಆದರೆ ನಾನು ತಿದ್ದಲಿಲ್ಲ.

ಮಧ್ಯಾಹ್ನ ಫ್ಲಾಪಿ ಹಾಕಿದೆ. ಹಾರ್ಡ್ ಡಿಸ್ಕಿಗೆ ಹೋಗಲು ಆಜ್ಞೆ ಕೊಟ್ಟೆ. ಹೋಯಿತು. ರುಮಾಲುಗಳೆಲ್ಲ ಒಳಗೆ ಇದ್ದಲ್ಲೇ ಇದ್ದವು. COMMAND.COM ಅನ್ನು ಅದರ ಜಾಗಕ್ಕೆ ನಕಲು ಮಾಡಿ, ಫ್ಲಾಪಿ ಹೊರಗೆ ತೆಗೆದು, ಯಂತ್ರ ಆರಿಸಿ ಮತ್ತೆ ಹಚ್ಚಿದೆ. ತಾನಾಗಿ ಎದ್ದಿತು. ಇಲ್ಲಿಗೆ ಕತೆ ಮುಗಿಸಬಹುದಿತ್ತು, ನಾನು ಬೇರೆ ಕಡೆ ಹೇಳುವಾಗ ಮುಗಿಸುವುದೂ ಉಂಟು. ನಿಜದಲ್ಲಿ, ಪಟ್ಟಿಯ ಪ್ರೋಗ್ರಾಂ ಶುರು ಮಾಡಿದರೆ ಅದು ಅರ್ಧಕ್ಕೇ ನಿಂತಿತು. ತೆರೆದ ಕಡತಗಳು ಹೆಚ್ಚಾದವು ಎಂದಿತು. ಅಳಿಸಿದ ಉಳಿದ ಎರಡು ಕಡತಗಳಲ್ಲಿ ಅದಕ್ಕೆ ಬೇಕಾದ ಸೂಚನೆಗಳಿದ್ದವು. ಅವು ಆ ಯಂತ್ರಕ್ಕೆಂದೇ ಬರೆದವು, ಯಾವ ಫ್ಲಾಪಿಯಲ್ಲೂ ಸಿಗುವಂಥವಲ್ಲ. ಬರೆದವನು ಎಲ್ಲಿದ್ದಾನೋ ಗೊತ್ತಿಲ್ಲ.

ಹುಸೇನಪ್ಪ ವಹಿಯ ಮುಂದಿನ ಪುಟ ತಿರುವಿದರು. ಆ ಎರಡೂ ಕಡತಗಳು ಓದಲು ಬರುತ್ತಿದ್ದವಾದ್ದರಿಂದ ವಿಷಯದ ಅಂಕಣದಲ್ಲಿ ಅವರು ಪೂರ್ತಿ ನಕಲು ಮಾಡಿದ್ದರು, ಸಾಲು ಸಾಲಾಗಿ, ಚುಕ್ಕೆ ಬಿಡದೆ. ಅವರು ಓದಿದರು, ನಾನು ಒತ್ತಿದೆ.

"ಎಫ್, ಐ, ಎಲ್, ಇ, ಎಸ್. ಎರಡು ಅಡ್ಡಗೀಟು, ಒಂದರ ಕೆಳಗೊಂದು. ಇಪ್ಪತ್ತು. ಸಾಲು ಮುಗೀತು."

ಹೀಗೆ ಹತ್ತು ಹನ್ನೊಂದು ಸಾಲು. ಒಂದು ಕಡೆ ಓರೆಗೀಟು ಎಡಕ್ಕೆ ವಾಲಿದೆಯೋ ಬಲಕ್ಕೋ ಎಂದು ನಾನು ಕೇಳಿದೆ. ಬಲಗಡೆ ಕೈ ಚಾಚಿ ಮಲಗಿದ ಹಾಗಿದೆ ಎಂದರು. ಹೋಗಿ ನೋಡಿದೆ, ಬರೆದದ್ದು ಸರಿಯಾಗಿತ್ತು, ಹೇಳಿದ್ದು ಮಾತ್ರ ಅರ್ಥವಾಗಿರಲಿಲ್ಲ. ಸಂಜೆ ನಾಲ್ಕರ ಸುಮಾರಿಗೆ ಪ್ರಿಂಟರು ಕರಕರ ಎಂದು ಮೊದಲ ಹೆಸರನ್ನು ಹೊಡೆಯಿತು. ಪಟ್ಟಿ ನೆಲಕ್ಕೆ ಇಳಿದು ಮಡಚಿಕೊಳ್ಳತೊಡಗಿತು. ಹುಸೇನಪ್ಪ ಕುಕ್ಕರಗಾಲಲ್ಲಿ ಕೂತು ಅದನ್ನು ನೀಟಾಗಿ ಮಡಚುತ್ತ ಹೋದರು.

ನಾನು ರಿಪೇರಿಯ ಚೀಟಿ ಬರೆದೆ. ಕಾರಣ ಎಂಬಲ್ಲಿ, ವಿದ್ಯುತ್ ಏರಿಳಿತದಿಂದ ಆರಂಭಿಕ ಕಡತಗಳು ನಷ್ಟ ಎಂದು ಬರೆದೆ. ಅವರಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಡಿಸ್ಕ್ ಹೋಗಿದೆ ಎಂದ ನನ್ನ ಮಾತೂ ಅದರಲ್ಲಿ ಮುಚ್ಚಿಹೋಗುತ್ತಿತ್ತು, ಅದು ಬೇರೆ. ಯಂತ್ರ ಅವರ ಸುಪರ್ದಿನಲ್ಲಿದ್ದುದರಿಂದ ಚೀಟಿಗೆ ಅವರ ಸಹಿ ಬೇಕು. ಅವರು ಎರಡು ಸಲ ಓದಿದರು.

"ಕರೆಂಟ್ ಏನ್ ಪಾಪ ಮಾಡ್ಯಾದ್ರಿ?"

ಸಾಹೇಬರ ಪತ್ರ ನಾಳೆ ಹೋಗುತ್ತದೆ, ಸುಮ್ಮನೆ ಸಹಿ ಹಾಕಿ ಎಂದೆ.

"ನನ್ನ ವಹಿ ಒಂದು ಹೇಳ್ತದ, ನಿಮ್ಮ ಚೀಟಿ ಇನ್ನೊಂದು ಹೇಳ್ತದ. ನಾ ಹ್ವಾದ ಮ್ಯಾಲ ಯಾರರ ಎರಡೂ ತಗದು ನೋಡಿದ್ರ ಯಾವುದು ಖರೆ ಅನ್ಬೇಕು? ನನ್ನ ದಫ್ತರ್ದಾಗ ಸುಳ್ಳ ಕಾಗದ ಇಡಾಂಗಿಲ್ಲ ತಮ್ಮಾ. ನೌಕರಿ ಹೋದ್ರ ಹೋಗ್ಲಿ."

ಅಲ್ಲಿಯವರೆಗೆ ಅವರು ನನ್ನನ್ನು ತಮ್ಮಾ ಎಂದಿರಲಿಲ್ಲ. ನಾನು ಚೀಟಿ ಹರಿದು ಹೊಸದು ಬರೆದೆ. ಕಡತಗಳನ್ನು ವಿಲೇವಾರಿ ನಿಯಮದಂತೆ ಅಳಿಸಲಾಗಿತ್ತು, ಡಿಸ್ಕ್ ಹೋಗಿದೆ ಎಂದು ಹೇಳಿದ್ದು ಮೆಕ್ಯಾನಿಕ್‌ನ ತಪ್ಪು, ವಹಿಯಲ್ಲಿದ್ದ ವಿವರದಿಂದ ಸರಿಪಡಿಸಲಾಯಿತು. ಅವರು ಸಹಿ ಹಾಕಿದರು.

ಪಟ್ಟಿ, ಚೀಟಿ, ವಹಿ ಮೂರನ್ನೂ ಹಿಡಿದು ಸಾಹೇಬರ ಕೋಣೆಗೆ ಹೋದೆವು. ಸಾಹೇಬರು ಪಟ್ಟಿಯನ್ನು ಕೈಯಲ್ಲಿ ತೂಗಿ ನೋಡಿದರು. ಚೀಟಿ ಓದಿದರು. ನನ್ನನ್ನು ನೋಡಿದ ನೋಟ ಇಲ್ಲಿ ಬರೆಯಬೇಕಾಗಿಲ್ಲ. ಹುಸೇನಪ್ಪ ವಹಿಯನ್ನು ಬಿಡಿಸಿ ಮೇಜಿನ ಮೇಲಿಟ್ಟು, ವಿಲೇವಾರಿಯಾದ ಮೂರು ಕಡತ ಮರಳಿ ಬಂದಿವೆ, ನಮೂದು ರದ್ದು ಮಾಡಲು ಸಹಿ ಬೇಕು ಎಂದು ಬೆರಳಿಟ್ಟು ತೋರಿಸಿದರು. ಅವರ ಬೆರಳಿನ ಪಕ್ಕದಲ್ಲೇ, ಪುಟದ ಕೆಳಗೆ, ಅನುಮತಿಸಿದೆ ಎಂಬಲ್ಲಿ ಹಸಿರು ಶಾಯಿಯ ಸಹಿ ಇತ್ತು.

"ಇದಕ್ಕೆ ನಾನು ಸಹಿ ಹಾಕಿದ್ದೀನಾ?" ಎಂದರು ಸಾಹೇಬರು.

"ಹಾಕೀರಿ ಸಾಹೇಬ್ರ. ಬುಧವಾರ ಇಪ್ಪತ್ತೆರಡು ಪುಟಕ್ಕ ಹಾಕೀರಿ."

ಅವರ ದನಿಯಲ್ಲಿ ಯಾವ ಕುಹಕವೂ ಇರಲಿಲ್ಲ. ಆ ಸಹಿ ತಮ್ಮನ್ನು ಉಳಿಸಬಲ್ಲದು ಎಂದು ಅವರಿಗೆ ಎರಡು ದಿನದಿಂದ ಗೊತ್ತಿತ್ತೇ? ನಾನು ಬಹಳ ಸಲ ಯೋಚಿಸಿದ್ದೇನೆ. ಒಂದೊಂದು ಸಲ ಒಂದೊಂದು ಉತ್ತರ ಬರುತ್ತದೆ.

ಸಾಹೇಬರು ಟೈಪಿಸ್ಟನನ್ನು ಕರೆದು ಆ ಪತ್ರ ಹೋಯಿತೇ ಎಂದು ಕೇಳಿದರು. ಹೊರಹೋಗುವ ಪತ್ರಗಳ ಜಾವಕ ವಹಿಯಲ್ಲಿ ನಂಬರು ಬಿದ್ದಿದೆ, ನಾಳೆಯ ಟಪಾಲಿಗೆ ಹೋಗುತ್ತದೆ ಎಂದ. ತರಿಸಿದರು, ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. ನಾನು ಹೊರಡಲು ತಿರುಗಿದೆ. ಹುಸೇನಪ್ಪ ಮಾತ್ರ ಅಲ್ಲಿಂದ ಕದಲಲಿಲ್ಲ.

"ನಂಬರ್ ಬಿದ್ದದ್ರಿ ಸಾಹೇಬ್ರ. ನಂಬರ್ ಬಿದ್ದ ಮ್ಯಾಲ ಆ ನಂಬರಿಗಿ ಒಂದು ಕಾಗದ ಹೋಗಾಕಬೇಕು. ಖಾಲಿ ಬಿಡಾಕ ಬರಂಗಿಲ್ಲ."

ಸಾಹೇಬರು ಮೊದಲ ಬಾರಿಗೆ ನಕ್ಕರು. ನನ್ನ ಕಡೆ ತಿರುಗಿ, ನಿಮ್ಮ ಯಂತ್ರಕ್ಕೆ ಏನಾದರೂ ಬೇಕೇನ್ರೀ ಎಂದು ಕೇಳಿದರು. ಖಾಲಿ ಫ್ಲಾಪಿ ಎಂದೆ. ಹಾಗೆ, ಹುಸೇನಪ್ಪನವರನ್ನು ಅಮಾನತಿನಲ್ಲಿಡಲು ಹುಟ್ಟಿದ ನಂಬರಿನಲ್ಲಿ, ಒಂದು ಪೆಟ್ಟಿಗೆ ಫ್ಲಾಪಿ ಮಂಜೂರು ಮಾಡಬೇಕೆಂದು ಕೋರಿಕೆಯ ಪತ್ರ ರಾಯಚೂರಿಗೆ ಹೋಯಿತು. ಫ್ಲಾಪಿಗಳು ಬಂದವೋ ಇಲ್ಲವೋ ನನಗೆ ಗೊತ್ತಿಲ್ಲ. ಹುಸೇನಪ್ಪ ಸೋಮವಾರ ಹತ್ತು ಗಂಟೆಗೆ ದಫ್ತರದ ಬೀಗ ತೆಗೆದರು.